ಒತ್ತು ಶಾವಿಗೆಗೆ ಎಷ್ಟು ಜನ ಬೇಕು?

ಇವತ್ತು ಒಂದು ತಿಂಡಿಯ ವಿಚಾರ ಮಾತಾಡುತ್ತೇನೆ. ಒತ್ತು ಶಾವಿಗೆ. ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಕಾಯಿಹಾಲು ನೆನಪಾಗಿರಬೇಕು. ಕೆಲವರಿಗೆ ಎಳ್ಳುಪುಡಿ. ಮಂಡ್ಯ, ಹಾಸನದ ಕಡೆಯವರಿಗೆ ಕೋಳಿಸಾರು. ರುಚಿಯ ಮಾತಿಗೆ ಆಮೇಲೆ ಬರೋಣ. ಮೊದಲು ನಿಮಗೊಂದು ಪ್ರಶ್ನೆ. ಒತ್ತು ಶಾವಿಗೆ ಮಾಡಲು ಎಷ್ಟು ಜನ ಬೇಕು?

ಉಪ್ಪಿಟ್ಟಿಗೆ ಒಬ್ಬರು ಸಾಕು. ದೋಸೆಗೂ ಸಾಕು. ಹೋಳಿಗೆ ಕಷ್ಟದ ಕೆಲಸವೇ, ಆದರೂ ಕೈ ಪಳಗಿದವರು ಒಬ್ಬರೇ ಕೂತು ತಟ್ಟಿ ಬೇಯಿಸಿ ಮುಗಿಸುತ್ತಾರೆ. ಒತ್ತು ಶಾವಿಗೆ ಹಾಗೆ ಬಗ್ಗುವುದಿಲ್ಲ. ಕಡಿಮೆಯೆಂದರೆ ಮೂರು ಜನ ಬೇಕು. ನಾಲ್ಕಾದರೆ ಸಲೀಸು. ನಮ್ಮ ಅಜ್ಜಿಯ ಮನೆಯಲ್ಲಿ ಶಾವಿಗೆಯ ಮಾತು ಎದ್ದರೆ ಅಕ್ಕಿ ಅಳೆಯುವುದಕ್ಕೆ ಮೊದಲು ಜನ ಎಣಿಸುತ್ತಿದ್ದರು. ಸೋದರತ್ತೆ ಬರ್ತಾಳಾ? ಚಿಕ್ಕಪ್ಪನಿಗೆ ಹೇಳಿ ಕಳಿಸಿದಿರಾ? ಹೊಸ ಅಳಿಯ ಊರಲ್ಲಿದ್ದಾನಾ? ಇಷ್ಟು ಗೊತ್ತಾದ ಮೇಲೇ ಅಕ್ಕಿ ನೆನೆಯುತ್ತಿತ್ತು.

ನೆಂಟರನ್ನು ಉಣ್ಣಲು ಕರೆಯುವ ಅಡುಗೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನೆಂಟರನ್ನು ದುಡಿಯಲು ಕರೆಯುವ ಅಡುಗೆ ಇದು. ಬಂದವರು ಬೆವರು ಹರಿಸದೆ ಎಲೆ ಮುಂದೆ ಕೂರುವ ಹಾಗಿಲ್ಲ. ಯಾಕೆ ಹೀಗೆ? ಕಾರಣ ಅಕ್ಕಿಯಲ್ಲಿದೆ, ಬಿಸಿಯಲ್ಲಿದೆ. ಅದನ್ನೇ ಇವತ್ತು ಬಿಡಿಸಿ ಹೇಳಬೇಕು. ಒಂದು ಒಬ್ಬೆ ಶಾವಿಗೆ ಉಂಡೆ ಬೇಯುವಷ್ಟು ಹೊತ್ತು ನನ್ನ ಜೊತೆ ಇರಿ.

ಮೊದಲು ಮಾಡುವ ಬಗೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರೀತಿ. ನಾನು ಹೇಳುವುದು ಹಾಸನ ಸೀಮೆಯ ರೀತಿ.

ಅಕ್ಕಿ ಹಳೆಯದಾಗಿರಬೇಕು. ಹೊಸ ಅಕ್ಕಿಯ ಶಾವಿಗೆ ಅಂಟಂಟಾಗಿ ಮುದ್ದೆ ಕಟ್ಟುತ್ತದೆ. ಅಕ್ಕಿ ತೊಳೆದು, ನೆನೆಸಿ, ನೀರು ಬಸಿದು, ನೆರಳಲ್ಲಿ ಆರಹಾಕಿ, ನುಣ್ಣಗೆ ಹಿಟ್ಟು ಮಾಡಿಸುತ್ತಾರೆ. ಇಪ್ಪತ್ತು ಜನಕ್ಕೆ ಸುಮಾರು 3 ಕಿಲೋ ಅಕ್ಕಿ ಅಂದುಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ನೀರು ಮರಳಬೇಕು. ಅದಕ್ಕೆ ಉಪ್ಪು, ಒಂದು ಚಮಚ ಎಣ್ಣೆ. ಹಿಟ್ಟನ್ನು ನೀರಿನ ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ ಹಾಗೇ ಕುದಿಯಲು ಬಿಡುತ್ತಾರೆ. ರಾಗಿಮುದ್ದೆ ಮಾಡುವವರಿಗೆ ಇದು ಹೊಸದಲ್ಲ. ಆಮೇಲೆ ಗಂಟಿಲ್ಲದ ಹಾಗೆ ತೊಳಸುವುದು. ಕೆಳಗಿಳಿಸಿ, ಕೈಯನ್ನು ತಣ್ಣೀರಿಗೆ ಅದ್ದಿ ಅದ್ದಿ, ಸುಡುಸುಡು ಹಿಟ್ಟನ್ನೇ ನಾದುವುದು. ಮುಷ್ಟಿಗಾತ್ರದ ಉಂಡೆ ಕಟ್ಟುವುದು. ಉಂಡೆಗಳನ್ನು ಮತ್ತೆ ಹಬೆಯಲ್ಲಿ ಬೇಯಿಸುವುದು. ಕೆಲವರು ಕುದಿಯುವ ನೀರಿಗೇ ಬಿಡುತ್ತಾರೆ. ಬೆಂದ ಉಂಡೆ ಮೇಲೆ ತೇಲುತ್ತದೆ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಅಂಟಲಿಲ್ಲವೆಂದರೆ ಬೆಂದಿದೆ.

ಇಲ್ಲಿಂದ ಮುಂದಿನದು ಒರಳಿನ ಕೆಲಸ.

ಶಾವಿಗೆ ಒರಳು ಕಾಣದವರಿಗಾಗಿ ಅದರ ರೂಪ ಹೇಳುತ್ತೇನೆ. ಸೊಂಟದೆತ್ತರದ ಮರದ ಚೌಕಟ್ಟು. ಕೆಳಗೆ ಮೂರು ಅಥವಾ ನಾಲ್ಕು ಕಾಲು. ನಡುವೆ ಒಂದು ಹಿತ್ತಾಳೆ ಕೊಳವೆ. ಅಗಲ ಎಷ್ಟೆಂದರೆ ಒಂದು ಉಂಡೆ ಬಿಗಿಯಾಗಿ ಕೂರುವಷ್ಟು. ಕೊಳವೆಯ ತಳದಲ್ಲಿ ಸಣ್ಣಸಣ್ಣ ತೂತುಗಳ ಬಿಲ್ಲೆ. ಮೇಲಿನಿಂದ ತಿರುಪಿನ ಕಂಬ ಇಳಿಯುತ್ತದೆ. ಕಂಬದ ತಲೆಗೆ ಅಡ್ಡ ಹಿಡಿ, ಎರಡು ಕಡೆಗೂ ಚಾಚಿಕೊಂಡಿರುತ್ತದೆ. ಇಬ್ಬರು ಎದುರುಬದುರು ನಿಂತು ಹಿಡಿ ತಿರುಗಿಸಿದರೆ ಕಂಬ ಕೆಳಗಿಳಿದು ಉಂಡೆಯನ್ನು ಅದುಮುತ್ತದೆ. ತೂತುಗಳಿಂದ ಬಿಳಿ ಎಳೆಗಳು ಇಳಿಯುತ್ತವೆ. ಕೆಲವು ಮನೆಗಳಲ್ಲಿ ತಿರುಪಿಲ್ಲದ ಹಳೆಯ ಮಾದರಿ ಇರುತ್ತದೆ. ಉದ್ದನೆಯ ತೊಲೆ, ಸನ್ನೆಗೋಲಿನ ಲೆಕ್ಕ. ತೊಲೆಯ ತುದಿಗೆ ಭಾರ ಹಾಕಿ ಒತ್ತಬೇಕು. ಭಾರ ಸಾಲದಿದ್ದರೆ ಮಕ್ಕಳನ್ನು ಹತ್ತಿಸಿ ಕೂರಿಸುವುದು ವಾಡಿಕೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳಿಗೆ ಇದಕ್ಕಿಂತ ದೊಡ್ಡ ಹುದ್ದೆ ಇನ್ನೊಂದಿಲ್ಲ.

ಈಗ ಕೈಗಳನ್ನು ಲೆಕ್ಕ ಹಾಕಿ. ಒಲೆಯ ಮುಂದೆ ಒಬ್ಬರು, ಉಂಡೆ ತೆಗೆದು ಕೊಡಲು. ಅದನ್ನು ಕೊಳವೆಗೆ ಹಾಕಲು ಇನ್ನೊಬ್ಬರು. ಹಿಡಿ ತಿರುಗಿಸಲು ಇಬ್ಬರು. ಕಾಲು ಅಲುಗದಂತೆ ಒರಳನ್ನು ತಬ್ಬಿ ಕೂರಲು ಒಬ್ಬರು. ಇಳಿಯುವ ಎಳೆಯನ್ನು ಬಾಳೆಲೆಯಲ್ಲಿ ಹಿಡಿದು, ಸುತ್ತು ಹಾಕಿ, ಕತ್ತರಿಸಿ, ಮೊರಕ್ಕೆ ಹಾಕಲು ಒಬ್ಬರು. ಒಬ್ಬೊಬ್ಬರು ಎರಡೆರಡು ಕೆಲಸ ಹಿಡಿದರೂ ಮೂರು ಜನಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ.

ಮಾಡುವ ಬಗೆ ಹೇಳಿದ್ದಾಯಿತು. ಎಷ್ಟು ಕೈ ಬೇಕೆಂದೂ ಗೊತ್ತಾಯಿತು. ಆದರೆ ಯಾಕೆ ಅಷ್ಟು ಅವಸರ? ಒಬ್ಬರೇ ನಿಧಾನವಾಗಿ, ಒಂದೊಂದೇ ಉಂಡೆ ಒತ್ತಿಕೊಂಡು ಹೋದರೆ ಏನು ಗಂಟು ಹೋಗುತ್ತದೆ?

ಇದಕ್ಕೆ ಅಕ್ಕಿಯ ಗುಣ ಸ್ವಲ್ಪ ತಿಳಿಯಬೇಕು. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಅಂಶವಿದೆ. ಅದಕ್ಕೇ ಗೋಧಿ ಕಣಕವನ್ನು ಎಳೆದರೆ ಹಿಗ್ಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಗೋಧಿ ಶಾವಿಗೆ ಮಾಡಿ, ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುವುದನ್ನು ನೀವು ಬಲ್ಲಿರಿ. ಅದನ್ನು ಡಬ್ಬಿಗೆ ತುಂಬಿ ವರ್ಷವೆಲ್ಲ ಇಟ್ಟುಕೊಳ್ಳಬಹುದು. ಅಕ್ಕಿಯಲ್ಲಿ ಆ ಜಿಗುಟಿಲ್ಲ. ಹಸಿ ಅಕ್ಕಿಹಿಟ್ಟನ್ನು ಎಳೆದರೆ ಪುಡಿಯಾಗಿ ಉದುರುತ್ತದೆ. ಅಕ್ಕಿಯ ಎಳೆಯನ್ನು ಹಿಡಿದಿಡುವುದು ಬೆಂದ ಪಿಷ್ಟ. ಸುಮಾರು 70 ಡಿಗ್ರಿ ಶಾಖ ತಗುಲಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿಯಾಗಿರುವ ತನಕ ಮೃದು. ಆರುತ್ತಾ ಬಂದ ಹಾಗೆ ಅದೇ ಪಿಷ್ಟ ಬಿಗಿದುಕೊಳ್ಳುತ್ತದೆ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದೂ ಇದರಿಂದಲೇ. ಆರಿದ ಉಂಡೆಯನ್ನು ಒರಳಿಗೆ ಹಾಕಿ ನೋಡಿ. ಭೀಮ ಬಂದರೂ ಒತ್ತಲಾರ. ಹಠ ಹಿಡಿದು ಒತ್ತಿದರೆ ತಿರುಪು ಮುರಿಯುತ್ತದೆ, ಇಲ್ಲವೇ ಬಿಲ್ಲೆ ಕಿತ್ತುಬರುತ್ತದೆ.

ಆದ್ದರಿಂದ ಉಂಡೆ ಹಬೆಯಿಂದ ಹೊರಬಂದ ಮೇಲೆ ನಿಮಗೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಅಷ್ಟರೊಳಗೆ ಕೊಳವೆಗೆ ಹೋಗಬೇಕು, ಎಳೆಯಾಗಿ ಇಳಿಯಬೇಕು. ಮುಂದಿನ ಉಂಡೆ ಆಗಲೇ ಕಾಯುತ್ತಿರುತ್ತದೆ. ಒಲೆ, ಒರಳು, ಮೊರ, ಮೂರೂ ಕಡೆ ಏಕಕಾಲಕ್ಕೆ ಕೈ ಇರಲೇಬೇಕು.

ಇನ್ನೊಂದು ತಿಂಡಿಯ ಜೊತೆ ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೇರಳದಲ್ಲಿ, ತಮಿಳುನಾಡಿನಲ್ಲಿ ಇಡಿಯಾಪ್ಪಂ ಮಾಡುತ್ತಾರೆ. ಅದೂ ಅಕ್ಕಿಯದೇ, ಎಳೆಯೂ ಹಾಗೇ. ಆದರೆ ಅವರದು ಹಿಂದುಮುಂದು. ಹಿಟ್ಟನ್ನು ಬಿಸಿನೀರಲ್ಲಿ ಮೆತ್ತಗೆ ಕಲಸಿ, ಮೊದಲು ಒತ್ತಿ, ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟು ಮೆತ್ತಗಿರುವುದರಿಂದ ಒಬ್ಬರೇ ಪುಟ್ಟ ಅಚ್ಚಿನಲ್ಲಿ ಒತ್ತಿಕೊಳ್ಳಬಹುದು. ನಾವು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ. ಆ ಒಂದು ಅದಲುಬದಲಿನಿಂದ ಇಡೀ ವಂಶವೇ ಅಡುಗೆಮನೆಗೆ ಬರಬೇಕಾಯಿತು. ಇಡಿಯಾಪ್ಪಂ ಒಳ್ಳೆಯ ತಿಂಡಿ, ನನಗೆ ಇಷ್ಟ. ಅದಕ್ಕೆ ಸೋದರಮಾವ ಬೇಕಾಗಿಲ್ಲ, ಅಷ್ಟೇ.

ಇದು ಇಂದು ನಿನ್ನೆಯ ತಿಂಡಿಯೂ ಅಲ್ಲ. ಸುಮಾರು 1025ರ ಹೊತ್ತಿಗೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥ ಬರೆದ. ನೆಲದೊಳಗೆ ನೀರಿನ ಸೆಲೆ ಹುಡುಕುವುದು, ಮರಗಿಡಗಳ ಆರೈಕೆ, ಔಷಧ, ಸುಗಂಧ, ಎಲ್ಲವೂ ಇರುವ ಪುಸ್ತಕ ಅದು. ಅಡುಗೆಯೂ ಉಂಟು. ಅದರಲ್ಲಿ ಶಾವಿಗೆ ಮಾಡುವ ಬಗೆಯ ಜೊತೆಗೆ ಅದನ್ನು ಒತ್ತುವ ಸಾಧನದ ಪ್ರಸ್ತಾಪವೂ ಬರುತ್ತದೆ. ಅಂದರೆ ಕನ್ನಡ ನಾಡಿನಲ್ಲಿ ಶಾವಿಗೆ ಒತ್ತುತ್ತಾ ಸಾವಿರ ವರ್ಷ ಕಳೆದಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಉಂಡೆ ಬೇಯಬೇಕು. ಬಿಸಿಯಿರುವಾಗಲೇ ಒತ್ತಬೇಕು. ಅದಕ್ಕೆ ಹಲವು ಕೈ ಬೇಕು. ಈಗ ಆ ಕೈಗಳ ವಿಚಾರಕ್ಕೆ ಬರೋಣ. ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ನೆಂಟರು ಸೇರಿದ ಮನೆಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಗಂಡಸರು ಜಗಲಿಯಲ್ಲಿ ಕೂತು ಮಳೆ, ಬೆಳೆ, ಚುನಾವಣೆ ಮಾತಾಡುತ್ತಾರೆ. ಹೆಂಗಸರು ಒಳಗೆ ದುಡಿಯುತ್ತಾರೆ. ಊಟದ ಹೊತ್ತಿಗೆ ಇಬ್ಬರೂ ಮುಖ ನೋಡುತ್ತಾರೆ. ಶಾವಿಗೆಯ ದಿನ ಈ ಕಟ್ಟಳೆ ಮುರಿಯುತ್ತದೆ. ಒರಳಿಗೆ ತೋಳಿನ ಬಲ ಬೇಕು. "ಬನ್ರೋ, ಉಂಡೆ ಬೆಂದೈತೆ, ಆರೋಗ್ತದೆ" ಎಂದು ಅಜ್ಜಿ ಕೂಗು ಹಾಕಿದರೆ ಜಗಲಿಯವರು ಪಂಚೆ ಎತ್ತಿಕಟ್ಟಿ ಒಳಗೆ ಬರಬೇಕು. ಹಳ್ಳಿಮನೆಯ ಅಡುಗೆಕೋಣೆಗೆ ಗಂಡಸರು ಕಾಲಿಡುತ್ತಿದ್ದ ಅಪರೂಪದ ಸಂದರ್ಭ ಅದು.

ಹೊಸ ಅಳಿಯನ ಪಾಡು ಕೇಳಬೇಡಿ. ಅವನನ್ನು ಬೇಕೆಂದೇ ಹಿಡಿಗೆ ನಿಲ್ಲಿಸುತ್ತಾರೆ. ಎದುರಿಗೆ ಗಟ್ಟಿಮುಟ್ಟಾದ ಭಾವಮೈದ. ಮೊದಲ ಉಂಡೆಗೆ ಅಳಿಯ ನಗುತ್ತಿರುತ್ತಾನೆ. ಐದನೆಯದಕ್ಕೆ ಅಂಗಿ ಬೆನ್ನಿಗೆ ಅಂಟಿರುತ್ತದೆ. "ಯಾಕ್ ಭಾವ, ಸುಸ್ತಾಯ್ತಾ?" ಎಂದು ಬಾಗಿಲ ಸಂದಿಯಿಂದ ನಾದಿನಿಯರು ಕೇಳುತ್ತಾರೆ. ಸುಸ್ತಾಯಿತು ಎನ್ನುವ ಹಾಗಿಲ್ಲ. ಮದುವೆಯಲ್ಲಿ ಧಾರೆ ಎರೆದದ್ದು ಮಾವನ ಮನೆಯವರ ಕಡೆಯ ಶಾಸ್ತ್ರವಾದರೆ, ಆ ಮನೆಯ ಮಕ್ಕಳ ಲೆಕ್ಕದಲ್ಲಿ ಅವನು ಒಳಗಿನವನಾಗುವುದು ಇಲ್ಲಿ.

ಜಗಳದವರ ಕಥೆ ಇನ್ನೂ ಸ್ವಾರಸ್ಯ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಗದ್ದೆಯ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಊರಹಬ್ಬಕ್ಕೆ ಬಂದರೂ ಒಬ್ಬರು ಮುಂಬಾಗಿಲಲ್ಲಿ, ಇನ್ನೊಬ್ಬರು ಹಿತ್ತಿಲಲ್ಲಿ. ಅವರ ತಾಯಿ ಉಪದೇಶ ಮಾಡಲಿಲ್ಲ, ಅಳಲೂ ಇಲ್ಲ. ಶಾವಿಗೆ ಒರಳು ಇಳಿಸಿದರು. ಹಿಡಿಯ ಆ ತುದಿಗೆ ದೊಡ್ಡವನನ್ನು, ಈ ತುದಿಗೆ ಚಿಕ್ಕವನನ್ನು ನಿಲ್ಲಿಸಿದರು. ಒಬ್ಬ ತಿರುಗಿಸಿದಾಗ ಇನ್ನೊಬ್ಬ ನಿಂತರೆ ಒರಳು ಮಗುಚುತ್ತದೆ. ಮಾತಾಡದೆ ವಿಧಿಯಿಲ್ಲ. "ತಿರುಗಿಸು." "ತಡಿ." "ಈಗ ಒತ್ತು." "ಸಾಕು, ಮೇಲೆತ್ತು." ಆ ಬೆಳಿಗ್ಗೆ ಅವರು ಆಡಿದ್ದು ಇಷ್ಟೇ ಮಾತು. ಆದರೆ ಎರಡು ವರ್ಷ ಅಷ್ಟನ್ನೂ ಆಡಿರಲಿಲ್ಲ.

ಶಾವಿಗೆಯಿಂದ ಬದುವಿನ ವ್ಯಾಜ್ಯ ಬಗೆಹರಿಯಿತು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸರ್ವೇಯರೇ ಸರಪಳಿ ಹಿಡಿದು ಬರಬೇಕಾಯಿತು. ಒಟ್ಟಿಗೆ ಉಂಡರೆ ಮನಸ್ತಾಪ ಕರಗುತ್ತದೆ ಎನ್ನುವ ಮಾತಿನಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಒಂದೇ ಪಂಕ್ತಿಯಲ್ಲಿ ಕೂತು, ಮುಖ ತಿರುಗಿಸಿಕೊಂಡು, ಹೊಟ್ಟೆತುಂಬ ಉಂಡು ಎದ್ದು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಒಟ್ಟಿಗೆ ದುಡಿಯುವಾಗ ಮಾತ್ರ ಮುಖ ತಿರುಗಿಸುವುದು ಕಷ್ಟ. ಕೈಯಲ್ಲಿ ಬಿಸಿ ಉಂಡೆ ಇದ್ದರಂತೂ ಇನ್ನೂ ಕಷ್ಟ.

ಇಷ್ಟು ಹೊತ್ತು ಒರಳಿನ ಹಿಡಿ ಹಿಡಿದವರನ್ನು ಹೊಗಳಿದೆ. ಈಗ ಒಂದು ಖಾರದ ಮಾತನ್ನೂ ಆಡಬೇಕು. ಗಂಡಸರು ಒತ್ತುವುದು ಒಂದು ಗಂಟೆ. ಅಕ್ಕಿ ನೆನೆದದ್ದು ಹಿಂದಿನ ದಿನ. ಹಿಟ್ಟು ಜರಡಿ ಹಿಡಿದದ್ದು, ಕಾಯಿ ತುರಿದದ್ದು, ಎಳ್ಳು ಹುರಿದು ಕುಟ್ಟಿದ್ದು, ನಸುಕಿನಲ್ಲಿ ಎದ್ದು ಒಲೆ ಹಚ್ಚಿದ್ದು, ಸುಡುವ ಹಿಟ್ಟು ನಾದಿ ಅಂಗೈ ಕೆಂಪು ಮಾಡಿಕೊಂಡದ್ದು, ಇದೆಲ್ಲ ಹೆಂಗಸರ ಪಾಲು. ಊಟಕ್ಕೆ ಕೂತಾಗ "ನಾವು ಒತ್ತಿದ ಶಾವಿಗೆ" ಎಂಬ ಜಂಭ ಯಾರದ್ದು, ನೀವೇ ಊಹಿಸಿ. ಒತ್ತಿ ಮುಗಿದ ಮೇಲೆ ಒರಳು ತೊಳೆಯುವ ಹೊತ್ತಿಗೆ ಜಗಲಿ ಮತ್ತೆ ತುಂಬಿರುತ್ತದೆ. ಬಿಲ್ಲೆಯ ತೂತುಗಳಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ಕಡ್ಡಿಯಿಂದ ಒಂದೊಂದಾಗಿ ಚುಚ್ಚಿ ತೆಗೆಯುವುದು ಶಾವಿಗೆ ಒತ್ತುವುದಕ್ಕಿಂತ ಬೇಸರದ ಕೆಲಸ. ಈ ಕಾರ್ಯಕ್ರಮ ಕೇಳುತ್ತಿರುವ ಅಳಿಯಂದಿರು ದಯವಿಟ್ಟು ಗಮನಿಸಬೇಕು.

ಇನ್ನು ಊಟ. ಮಾಡುವ ಬಗೆ, ಒತ್ತುವ ಅವಸರ, ಒತ್ತುವವರ ಗಡಿಬಿಡಿ ಎಲ್ಲ ಆಯಿತು. ಎಲೆಯ ಮೇಲೇನು ಬೀಳುತ್ತದೆ?

ಶಾವಿಗೆಗೆ ತನ್ನದೆಂಬ ರುಚಿ ಕಡಿಮೆ. ಬೆಂದ ಅಕ್ಕಿಯ ಪರಿಮಳ, ಸ್ವಲ್ಪ ಉಪ್ಪು, ಅಷ್ಟೇ. ಅದಕ್ಕೇ ಅದು ಯಾವುದರ ಜೊತೆಗೂ ಹೊಂದುತ್ತದೆ. ನಮ್ಮ ಕಡೆ ಮೊದಲ ಸುತ್ತು ಸಿಹಿ. ತೆಂಗಿನಕಾಯಿ, ಗಸಗಸೆ, ಏಲಕ್ಕಿ ನುಣ್ಣಗೆ ರುಬ್ಬಿ, ಬೆಲ್ಲ ಸೇರಿಸಿ ಮಾಡಿದ ಕಾಯಿಹಾಲು. ಹಳ್ಳಿಯ ಬಾಯಲ್ಲಿ ಕಾಯಾಲು. ಅದನ್ನು ಶಾವಿಗೆ ಮುಳುಗುವ ಹಾಗೆ ಹೊಯ್ದು, ಮೇಲೆ ಎಳ್ಳುಪುಡಿ ಉದುರಿಸುತ್ತಾರೆ. ಮಾವಿನ ಕಾಲವಾದರೆ ಸೀಕರಣೆ. ಎರಡನೆಯ ಸುತ್ತು ಖಾರ. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು. ಕರಾವಳಿಯಲ್ಲಿ ಇದೇ ತಿಂಡಿ ಸೇಮಿಗೆ. ಅಲ್ಲಿ ಅಕ್ಕಿಯನ್ನು ಹಸಿಯಾಗಿ ರುಬ್ಬಿ, ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ ಉಂಡೆ ಕಟ್ಟುತ್ತಾರೆ. ಕೊಂಕಣಿ ಮಾತಾಡುವವರ ಮನೆಯಲ್ಲಿ ಜೊತೆಗೆ ಬೆಲ್ಲದ ಕಾಯಿಹಾಲು ಇದ್ದೇ ಇರುತ್ತದೆ, ಅದನ್ನು ಅವರು ರೋಸು ಎನ್ನುತ್ತಾರೆ. ಕೊಡಗಿನಲ್ಲಿ ನೂಪುಟ್ಟು, ಜೊತೆಗೆ ಕೋಳಿಕರಿ. ಹೆಸರು ಬೇರೆ, ಸಾರು ಬೇರೆ. ಬಿಸಿ ಉಂಡೆಯ ಅವಸರ ಎಲ್ಲ ಕಡೆಯೂ ಒಂದೇ.

ಮಿಕ್ಕ ಶಾವಿಗೆಗೆ ಮರುದಿನ ಬೆಳಿಗ್ಗೆ ಒಗ್ಗರಣೆ. ಸಾಸಿವೆ, ಕಡಲೆಬೇಳೆ, ಹಸಿಮೆಣಸು, ಕರಿಬೇವು, ನಿಂಬೆರಸ. ಈ ಒಗ್ಗರಣೆಗೆ ಆರಿದ ಶಾವಿಗೆಯೇ ಚೆನ್ನ. ಎಳೆ ಬಿಗಿದುಕೊಂಡು ಬಿಡಿಬಿಡಿಯಾಗಿರುತ್ತದೆ. ಹಿಂದಿನ ದಿನ ಶತ್ರುವಾಗಿದ್ದ ತಣ್ಣನೆ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬಸ್ಸಿಗೆ ಹೊರಡುವ ನೆಂಟರಿಗೆ ಬಾಳೆಲೆಯಲ್ಲಿ ಕಟ್ಟಿಕೊಡುವುದೂ ಇದನ್ನೇ.

ಹಳೆಯ ಮನೆಯ ಶಾವಿಗೆ ಹೀಗಾಯಿತು. ಈಗಿನ ಮಾತು ಏನು?

ಈಗ ಅಂಗಡಿಯಲ್ಲಿ ಒಣಗಿಸಿದ ಅಕ್ಕಿ ಶಾವಿಗೆಯ ಪ್ಯಾಕೆಟ್ ಸಿಗುತ್ತದೆ. ಬಿಸಿನೀರಿಗೆ ಹಾಕಿ ಬಸಿದರೆ ತಿಂಡಿ ತಯಾರು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಓಡುವವರಿಗೆ ಅದು ವರ. ಅದನ್ನು ಹಳಿಯಲು ನನಗೆ ಬಾಯಿಲ್ಲ, ನಮ್ಮ ಮನೆಯ ಡಬ್ಬಿಯಲ್ಲೂ ಇದೆ. ಸ್ಟೀಲಿನ ಕೈ ಒರಳುಗಳೂ ಬಂದಿವೆ. ಪುಟ್ಟ ಹಿಡಿ, ಸಣ್ಣ ತಿರುಪು. ಗಂಡಹೆಂಡಿರಿಬ್ಬರೇ ಅರ್ಧ ಕಿಲೋ ಹಿಟ್ಟಿನ ಶಾವಿಗೆ ಒತ್ತಿಕೊಳ್ಳಬಹುದು. ಕಡಲಾಚೆಗೆ ಹೋದ ನಮ್ಮ ಹುಡುಗ ಹುಡುಗಿಯರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ಹೋಗುವುದು ಇದನ್ನೇ. ಅಲ್ಲೂ ಇದು ಜನ ಸೇರಿಸುತ್ತದೆಯೆಂದು ಕೇಳಿದ್ದೇನೆ. ಭಾನುವಾರ ಎರಡು ಮೂರು ಮನೆಯವರು ಒಂದೆಡೆ ಕೂಡುತ್ತಾರಂತೆ. ನೆಂಟಸ್ತಿಕೆಯಿಲ್ಲ, ಊರೂ ಒಂದಲ್ಲ. ಒಬ್ಬರು ಶಿವಮೊಗ್ಗದವರು, ಒಬ್ಬರು ಪುತ್ತೂರಿನವರು. ಕಾಯಿಹಾಲಿಗೆ ಗಸಗಸೆ ಹಾಕಬೇಕೋ ಬೇಡವೋ ಎಂದು ಜಗಳವಾಡುತ್ತಾ ಒತ್ತುತ್ತಾರಂತೆ. ಜಗಳವೂ ಇದೆ ಅಂದ ಮೇಲೆ ನೆಂಟರಾದರು ಎಂದೇ ಲೆಕ್ಕ.

ನನಗೆ ಚಿಂತೆ ಇರುವುದು ದೊಡ್ಡ ಒರಳುಗಳ ಬಗ್ಗೆ. ಎಷ್ಟೋ ಮನೆಗಳಲ್ಲಿ ಅವು ಅಟ್ಟ ಸೇರಿವೆ. ಕೆಲವನ್ನು ಹಳೇ ಪಾತ್ರೆಯವನಿಗೆ ಹಿತ್ತಾಳೆಯ ತೂಕಕ್ಕೆ ಕೊಟ್ಟಾಗಿದೆ. ಇನ್ನು ಕೆಲವು ರೆಸಾರ್ಟುಗಳ ಬಾಗಿಲಲ್ಲಿ ಹೂಕುಂಡದ ಪಕ್ಕ ಅಲಂಕಾರಕ್ಕೆ ನಿಂತಿವೆ. ನಿಮ್ಮ ಅಟ್ಟದಲ್ಲಿ ಒಂದಿದ್ದರೆ ಮಾರಬೇಡಿ, ಇಳಿಸಿ. ಹೇಗೆಂದು ಹೇಳಿ ನನ್ನ ಮಾತು ಮುಗಿಸುತ್ತೇನೆ. ಬೇಕಾದವರು ಬರೆದುಕೊಳ್ಳಿ.

ಮೊದಲು ಬಿಲ್ಲೆ ಬಿಚ್ಚಿ. ಹುಣಸೆಹಣ್ಣು ಹಾಕಿ ಹಿತ್ತಾಳೆಯನ್ನು ಉಜ್ಜಿ, ಕಿಲುಬು ಪೂರ್ತಿ ಹೋಗಬೇಕು. ತೂತುಗಳನ್ನು ಪೊರಕೆಕಡ್ಡಿಯಿಂದ ಬಿಡಿಸಿ. ಮರವನ್ನು ಬಿಸಿನೀರಲ್ಲಿ ತೊಳೆಯಿರಿ, ನೆನೆಹಾಕಬೇಡಿ, ಬಿಸಿಲಿಗೂ ಇಡಬೇಡಿ. ಸೀಳು ಬಿಡುತ್ತದೆ. ನೆರಳಲ್ಲಿ ಆರಿದ ಮೇಲೆ ತೆಂಗಿನೆಣ್ಣೆ ಸವರಿ ಒಂದು ರಾತ್ರಿ ಬಿಡಿ. ತಿರುಪಿಗೂ ಅಡುಗೆ ಎಣ್ಣೆಯನ್ನೇ ಹಾಕಿ, ಗ್ರೀಸ್ ಮುಟ್ಟಿಸಬೇಡಿ. ಮರುದಿನ ಒಂದೆರಡು ಉಂಡೆ ಸುಮ್ಮನೆ ಒತ್ತಿ ಕೊಳವೆ ಚೊಕ್ಕಟ ಮಾಡಿಕೊಳ್ಳಿ. ಆ ಶಾವಿಗೆ ತಿನ್ನುವುದಕ್ಕಲ್ಲ. ಮೂರನೆಯ ಉಂಡೆಯಿಂದ ಊಟಕ್ಕೆ. ಹಾಗೆಯೇ, ಉಂಡೆ ಒಲೆಗೆ ಇಡುವ ಮೊದಲೇ ನೆಂಟರಿಗೆ ಫೋನ್ ಮಾಡಿರಿ. ಇಟ್ಟ ಮೇಲೆ ಮಾಡಿದರೆ ಅವರು ಬರುವಷ್ಟರಲ್ಲಿ ಆರಿಹೋಗಿರುತ್ತದೆ.